ತಾತ್ಕಾಲಿಕ ನೆಲೆ

ಅಮೆರಿಕದ ಚಾರ್ಲ್ಸ್ ಮೂರ್ ಅವರು 1970ರ ಸುಮಾರಿಗೆ ರೂಪಿಸಿದ ಗಣಕಭಾಷೆ ಫೋರ್ತ್. ಇದರಲ್ಲಿ ಸಂಖ್ಯೆಗಳನ್ನು ತಟ್ಟೆಗಳಂತೆ ಒಂದರ ಮೇಲೊಂದು ಪೇರಿಸುತ್ತಾರೆ. ಮೇಲಿನದನ್ನೇ ಮೊದಲು ತೆಗೆಯಬೇಕು. ಈ ಪೇರಿಕೆಗೆ ಸ್ಟ್ಯಾಕ್ ಎಂದು ಹೆಸರು. ಕೀಲಿಮಣೆಯಿಂದ ಒಂದು ಹೆಸರನ್ನು ಕೊಟ್ಟರೆ ಅದರ ಅಕ್ಷರಗಳು ಸ್ಟ್ಯಾಕನ್ನು ಸೇರುವುದಿಲ್ಲ. ಅವು ಗಣಕದ ಸ್ಮೃತಿಯಲ್ಲಿ ತಾತ್ಕಾಲಿಕವಾದ ಒಂದು ನೆಲೆಯಲ್ಲಿ ತಂಗುತ್ತವೆ. ಆ ನೆಲೆಯ ವಿಳಾಸವೂ ಅಕ್ಷರಗಳ ಎಣಿಕೆಯೂ ಮಾತ್ರ ಸ್ಟ್ಯಾಕನ್ನೇರುತ್ತವೆ.

ಇಂತಹ ನೆಲೆ ಒಂದಿದ್ದರೂ ಸಾಕೆಂದು 1994ರ ಅಮೆರಿಕದ ಮಾನಕವು ಒಪ್ಪಿತ್ತು. ಆದರೆ ಕಡತವೊಂದರ ಹೆಸರನ್ನು ಬದಲಿಸಬೇಕಾದರೆ ಹಳೆಯ ಹೆಸರು, ಹೊಸ ಹೆಸರು ಎರಡೂ ಬೇಕಲ್ಲವೆ? ಎರಡನೆಯದು ಬಂದೊಡನೆ, ಸ್ಲೇಟನ್ನು ಒರೆಸಿ ಬರೆದಂತೆ, ಮೊದಲನೆಯದು ಅಳಿಯುವ ಅಪಾಯವಿತ್ತು. ವಿಳಾಸವೇನೋ ಹಳೆಯದೇ, ಆ ಮನೆಯಲ್ಲಿರುವವರು ಮಾತ್ರ ಬೇರೆ! ಆದುದರಿಂದ ಫೋರ್ತ್-2012 ಮಾನಕವು ತಲಾ 80 ಅಕ್ಷರಗಳಾದರೂ ಹಿಡಿಯುವ ಎರಡು ನೆಲೆಗಳು ಇರಲೇಬೇಕೆಂದು ವಿಧಿಸಿತು.