ಮಕ್ಕಳ ಓದಿಗೆ ಎರಡು ಪರದೇಶದ ಭಾಷೆ: ಬೇಕೆ, ಬೇಡವೆ?



ಹೂಮಳೆ ಬಿದ್ದು, ಕಾಫಿ ಹೂವು ಅರಳಿ, ಮೆಣಸು ಒಣಗಿಸಿ ಚೀಲ ಕಟ್ಟಿದ ಮೇಲೆ ನಮ್ಮ ಮನೆಗಳಲ್ಲಿ ಇನ್ನೊಂದು ಚಿಂತೆ ಮೊದಲಾಗುತ್ತದೆ. ಎಸ್.ಎಸ್.ಎಲ್.ಸಿ. ಮುಗಿಸಿದ ಮಗನನ್ನೋ ಮಗಳನ್ನೋ ಮುಂದೆ ಎಲ್ಲಿ ಸೇರಿಸುವುದು? ಹೆತ್ತೂರು, ಯಸಳೂರು, ಹಾನುಬಾಳಿನ ಕಡೆಯವರು ಸಕಲೇಶಪುರಕ್ಕೆ, ಪಾಳ್ಯ, ಕುಂದೂರಿನ ಕಡೆಯವರು ಆಲೂರಿಗೋ ಹಾಸನಕ್ಕೋ, ಕೈಯಲ್ಲಿ ನಾಲ್ಕು ಕಾಸು ಉಳ್ಳವರು ಘಟ್ಟ ಇಳಿದು ಮಂಗಳೂರಿಗೂ ಹೋಗಿ ಅರ್ಜಿ ತರುತ್ತಾರೆ. ವಿಜ್ಞಾನವೋ ವಾಣಿಜ್ಯವೋ ಎಂಬುದನ್ನು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಅದೇ ಅರ್ಜಿಯಲ್ಲಿ ‘ಭಾಷೆಗಳು’ ಎಂಬ ಚಿಕ್ಕ ಅಂಕಣವೊಂದು ಇರುತ್ತದೆ. ಅದನ್ನು ಮಾತ್ರ ಗುಮಾಸ್ತರ ಮೇಜಿನ ಮುಂದೆ ನಿಂತು, ಪಕ್ಕದವರು ಏನು ಬರೆದರೆಂದು ನೋಡಿ ತುಂಬಿಬಿಡುವುದು ರೂಢಿಯಾಗಿದೆ. ಈ ಅಂಕಣದ ವಿಚಾರವಾಗಿಯೇ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇವೆ.

ನಮ್ಮ ರಾಜ್ಯದ ಪಿ.ಯು.ಸಿ.ಯಲ್ಲಿ ವಿದ್ಯಾರ್ಥಿಯು ಎರಡು ಭಾಷೆಗಳನ್ನು ಓದಬೇಕು. ಒಂದು ಬಹುಮಟ್ಟಿಗೆ ಇಂಗ್ಲಿಷೇ ಆಗಿರುತ್ತದೆ. ಇನ್ನೊಂದನ್ನು ಕನ್ನಡ, ಹಿಂದಿ, ಸಂಸ್ಕೃತ, ಉರ್ದು, ತಮಿಳು, ತೆಲುಗು, ಮಲಯಾಳ, ಮರಾಠಿ, ಅರಬ್ಬಿ, ಫ್ರೆಂಚ್ ಇವುಗಳಲ್ಲಿ ಆರಿಸಿಕೊಳ್ಳಬಹುದು. ಎಲ್ಲ ಕಾಲೇಜಿನಲ್ಲೂ ಎಲ್ಲವೂ ಇರುವುದಿಲ್ಲ. ನಮ್ಮ ಸರ್ಕಾರಿ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಕನ್ನಡವೇ ಸಿಕ್ಕುವುದು. ಆದರೆ ಪೇಟೆಯ ದೊಡ್ಡ ಕಾಲೇಜಿಗೆ ಸೇರಿ ಇಂಗ್ಲಿಷ್ ಮತ್ತು ಫ್ರೆಂಚ್ ಎಂದು ಬರೆದ ಮಗುವು ಎರಡು ವರ್ಷ ಎರಡೂ ಪರದೇಶದ ಭಾಷೆಗಳನ್ನೇ ಓದುತ್ತದೆ, ಕನ್ನಡ ಪುಸ್ತಕವನ್ನು ಬಿಚ್ಚುವುದೇ ಇಲ್ಲ. ರಾಜ್ಯ ಪಠ್ಯಕ್ರಮದ ಹೈಸ್ಕೂಲಿನಲ್ಲಿ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಕನ್ನಡ, ಇಂಗ್ಲಿಷ್, ಹಿಂದಿ ಎಂದು ಅಲ್ಲಿ ಸಾಮಾನ್ಯವಾಗಿ ಮೂರೂ ನಡೆಯುತ್ತವೆ. ಕೇಂದ್ರ ಪಠ್ಯಕ್ರಮದ ಶಾಲೆಗೆ ಮಗುವನ್ನು ಹಾಕಿದವರಿಗೆ ಮಾತ್ರ ಇದು ಒಂಬತ್ತನೆಯ ತರಗತಿಯಲ್ಲೇ ಎದುರಾಗಬಹುದು.

ಫ್ರೆಂಚಿನ ಕಡೆಗೆ ಜನ ಏಕೆ ಒಲಿಯುತ್ತಾರೆ? ಮೊದಲನೆಯ ಕಾರಣ, ಅಂಕ. ಹೊಸದಾಗಿ ಕಲಿಯುವವರಿಗಾಗಿ ಪಾಠ ಇರುವುದರಿಂದ ಪ್ರಶ್ನೆಪತ್ರಿಕೆ ಹಗುರ, ನೂರಕ್ಕೆ ತೊಂಬತ್ತೈದು ಬರುತ್ತದೆ ಎಂಬ ಮಾತು ಕಾಲೇಜಿನ ಜಗಲಿಯಲ್ಲಿ ಓಡಾಡುತ್ತಿರುತ್ತದೆ. ಇದು ಹೊಸ ಮಾತಲ್ಲ. ಹಿಂದೆ ಹೈಸ್ಕೂಲಿನಲ್ಲಿ ಸಂಸ್ಕೃತದ ವಿಷಯದಲ್ಲಿ ಇದೇ ಆಗಿತ್ತು. ಎಂಟನೆಯ ತರಗತಿಯಲ್ಲಿ ಮೊದಲಿನಿಂದ ಆರಂಭಿಸಿದ ಸಂಸ್ಕೃತವನ್ನೇ ಪ್ರಥಮ ಭಾಷೆಯೆಂದು ತೆಗೆದುಕೊಂಡು ಹೆಚ್ಚು ಅಂಕ ಪಡೆಯುತ್ತಾರೆ, ಕನ್ನಡವನ್ನು ಬಿಟ್ಟೇಬಿಡುತ್ತಾರೆ ಎಂಬ ದೂರು ಎದ್ದಿತು. ೧೯೭೯ರಲ್ಲಿ ಸರ್ಕಾರ ಪ್ರಥಮ ಭಾಷೆಯ ಪಟ್ಟಿಯಿಂದ ಸಂಸ್ಕೃತವನ್ನು ತೆಗೆಯಿತು. ಅದಕ್ಕೆ ವಿರೋಧ ಬಂದು ೧೯೮೦ರಲ್ಲಿ ವಿ.ಕೃ. ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ೧೯೮೧ರ ಜನವರಿಯಲ್ಲಿ ವರದಿ ಬಂದುದು, ೧೯೮೨ರಲ್ಲಿ ಡಾ. ರಾಜ್‌ಕುಮಾರ್ ಅವರು ಊರೂರು ತಿರುಗಿ ಚಳವಳಿಗೆ ಬಲ ತುಂಬಿದುದು ಹಿರಿಯರಿಗೆ ಚೆನ್ನಾಗಿ ನೆನಪಿದ್ದೀತು. ಇಡೀ ರಾಜ್ಯವನ್ನು ಅಲುಗಿಸಿದ ಆ ಗದ್ದಲದ ಬುಡದಲ್ಲಿ ಇದ್ದದ್ದೂ ಇದೇ ಚಿಕ್ಕ ಅಂಕಣ.

ಅಂಕದ ಲೆಕ್ಕವನ್ನು ನಾವೂ ಹಾಕಿ ನೋಡೋಣ. ಪಿ.ಯು.ಸಿ.ಯ ಒಟ್ಟು ೬೦೦ ಅಂಕಗಳಲ್ಲಿ ೨೦೦ ಭಾಷೆಗಳದ್ದು, ನಿಜ. ಆದರೆ ಇಂಜಿನಿಯರಿಂಗ್ ಸೀಟು ಬೇಕೆನ್ನುವ ಹುಡುಗನಿಗೆ ಕ್ರಮಸಂಖ್ಯೆ ಕೊಡುವಾಗ ಸಿ.ಇ.ಟಿ. ಪರೀಕ್ಷೆಯ ಅಂಕವನ್ನು ಅರ್ಧ ಪಾಲು, ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕವನ್ನು ಅರ್ಧ ಪಾಲು ಹಿಡಿಯುತ್ತಾರೆ. ಭಾಷೆಯ ಅಂಕ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆಯ ಅಂಕವೇ ಆಧಾರ. ಬಿ.ಕಾಂ., ಬಿ.ಎ. ಸೇರುವಾಗ, ಕೆಲವು ವಿದ್ಯಾರ್ಥಿವೇತನಗಳಿಗೆ ಒಟ್ಟು ಅಂಕ ನೋಡುವುದುಂಟು, ಅಲ್ಲಿ ಲಾಭವಿದೆ. ಆದ್ದರಿಂದ ‘ಇಂಜಿನಿಯರಿಂಗಿಗೆ ಅನುಕೂಲವಾಗುತ್ತದೆ, ಫ್ರೆಂಚ್ ತೆಗೆದುಕೊಳ್ಳಿ’ ಎಂದು ಯಾರಾದರೂ ಹೇಳಿದರೆ, ಹೇಗೆ ಅನುಕೂಲ ಎಂದು ಅಲ್ಲೇ ಕೇಳಿ.

ಎರಡನೆಯ ಕಾರಣ, ಹೊರದೇಶದ ಕೆಲಸ. ಇದನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಕಾಫಿಗೆ ಒಂದು ವರ್ಷ ಬೆಲೆ, ಒಂದು ವರ್ಷ ಇಲ್ಲ. ಶುಂಠಿ, ಆಲೂಗೆಡ್ಡೆಯ ಕಥೆಯೂ ಅಷ್ಟೆ. ಎರಡು ಎಕರೆಯ ಮನೆಯ ಮಗಳು ನರ್ಸಿಂಗ್ ಓದಿ ಜರ್ಮನಿಗೆ ಹೋಗುತ್ತೇನೆಂದರೆ ಅದು ಕನಸಲ್ಲ, ನಡೆಯುತ್ತಿರುವ ಸಂಗತಿ. ಆದರೆ ಅಲ್ಲಿ ನರ್ಸ್ ಎಂದು ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ-೨ ಎಂಬ ಹಂತ ಮುಟ್ಟಿರಬೇಕು. ಆ ಹಂತಕ್ಕೆ ಮುಕ್ಕಾಲು ಗಂಟೆಯ ಪಾಠಗಳು ಸುಮಾರು ೬೦೦ರಿಂದ ೮೦೦ ಬೇಕಾಗುತ್ತವೆಂದು ಜರ್ಮನ್ ಕಲಿಸುವ ಗಯಟೆ ಸಂಸ್ಥೆಯ ಅಂದಾಜು. ಫ್ರೆಂಚಿಗೂ ಹಂತಗಳ ಹೆಸರು ಇವೇ. ಕಾಲೇಜಿನಲ್ಲಿ ವಾರಕ್ಕೆ ನಾಲ್ಕು ಪಾಠ, ವರ್ಷಕ್ಕೆ ೩೫ ವಾರ ಎಂದು ಧಾರಾಳವಾಗಿಯೇ ಹಿಡಿದರೂ ಎರಡು ವರ್ಷಕ್ಕೆ ೨೮೦ ಪಾಠವಾಯಿತು. ಅಂದರೆ ಅರ್ಧ ದಾರಿಯೂ ಅಲ್ಲ. ಅದರಲ್ಲೂ ಪರೀಕ್ಷೆಗೆ ಬೇಕಾದಷ್ಟು ಕಂಠಪಾಠ ಮಾಡಿದ ಭಾಷೆಯಿಂದ ರೋಗಿಯ ಹಾಸಿಗೆಯ ಪಕ್ಕ ನಿಂತು ಮಾತಾಡಲಾಗುವುದಿಲ್ಲ. ಹೋಗಲೇಬೇಕೆನ್ನುವವರು ನರ್ಸಿಂಗ್ ಓದುವಾಗಲೋ ಮುಗಿದ ಮೇಲೋ ಒಂದು ವರ್ಷ ಅದಕ್ಕೆಂದೇ ಕೂತು ಕಲಿಯುತ್ತಾರೆ. ಬೆಂಗಳೂರಿನಲ್ಲಿ ಜರ್ಮನ್ನಿಗೆ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚಿಗೆ ಅಲಿಯಾನ್ಸ್ ಫ್ರಾನ್ಸೇಸ್ ಎಂಬ ಸಂಸ್ಥೆಗಳಿವೆ.

‘ಚಿಕ್ಕ ವಯಸ್ಸಿನಲ್ಲಿ ಕಲಿಯದಿದ್ದರೆ ಆಮೇಲೆ ನಾಲಗೆ ಹೊರಳುವುದಿಲ್ಲ’ ಎನ್ನುವವರುಂಟು. ಉಚ್ಚಾರಣೆಯ ಮಟ್ಟಿಗೆ ಅದರಲ್ಲಿ ಸ್ವಲ್ಪ ನಿಜವಿರಬಹುದು. ಕಲಿಕೆಗೆ ಅಡ್ಡಿಯಿಲ್ಲ. ಹಾಲೆಂಡಿಗೆ ಹೋಗಿ ನೆಲೆಸಿದ ಇಂಗ್ಲಿಷ್ ಮಾತಿನ ಕುಟುಂಬಗಳನ್ನು ಪರೀಕ್ಷಿಸಿ ೧೯೭೮ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮೊದಲ ತಿಂಗಳುಗಳಲ್ಲಿ ಅಲ್ಲಿಯ ಭಾಷೆಯನ್ನು ಬೇಗ ಕಲಿತವರು ಪುಟ್ಟ ಮಕ್ಕಳಲ್ಲ, ಹನ್ನೆರಡರಿಂದ ಹದಿನೈದು ವಯಸ್ಸಿನವರು. ಅಷ್ಟು ದೂರ ಏಕೆ? ಜರ್ಮನಿಯ ಕಿಟ್ಟೆಲರು ೧೮೫೩ರಲ್ಲಿ ನಮ್ಮ ನಾಡಿಗೆ ಬಂದಾಗ ಅವರಿಗೆ ೨೧ ವರ್ಷ. ಆಮೇಲೆ ಕನ್ನಡ ಕಲಿತು ೧೮೯೪ರಲ್ಲಿ ಕನ್ನಡ ನಿಘಂಟನ್ನೇ ಅಚ್ಚು ಹಾಕಿಸಿದರು. ನಿಮ್ಮ ಮಗಳು ಇಪ್ಪತ್ತೊಂದಕ್ಕೆ ಜರ್ಮನ್ ಮೊದಲುಮಾಡಿದರೆ ತಡವಾಯಿತೆಂದು ಹೆದರಬೇಕಾಗಿಲ್ಲ.

ಕಾಫಿಯ ವಿಚಾರಕ್ಕೆ ಬರೋಣ. ನಮ್ಮ ದೇಶದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿ ಮೊದಲನೆಯದು. ಜರ್ಮನಿ, ರಷ್ಯಾ, ಬೆಲ್ಜಿಯಂಗಳೂ ದೊಡ್ಡ ಗಿರಾಕಿಗಳು. ಹಾಗಾದರೆ ಬೆಳೆಗಾರನ ಮಗ ಇಟಾಲಿಯನ್ ಕಲಿಯಬೇಕೆ? ರೊಬಸ್ಟಾ ಧಾರಣೆ ಲಂಡನ್ನಿನಲ್ಲಿ, ಅರೇಬಿಕಾ ಧಾರಣೆ ನ್ಯೂಯಾರ್ಕಿನಲ್ಲಿ ನಿಂತು ಅಲ್ಲಿಂದ ನಮ್ಮ ಕ್ಯೂರಿಂಗ್ ವರ್ಕ್ಸ್‌ಗೆ ಬರುತ್ತದೆ. ಯೂರೋಪಿನ ಒಕ್ಕೂಟವು ೨೦೨೩ರಲ್ಲಿ ಮಾಡಿದ ಕಾನೂನಿನಂತೆ, ಕಾಡು ಕಡಿದು ಮಾಡಿದ ತೋಟದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ಬೆಳೆದ ಜಾಗ ಯಾವುದೆಂದು ಗುರುತು ತೋರಿಸಬೇಕು. ಇಂಥ ನಿಯಮ, ಪತ್ರ, ಕರಾರುಗಳು ಬೆಳೆಗಾರನ ಕೈಗೆ ಬರುವುದು ಇಂಗ್ಲಿಷಿನಲ್ಲಿ. ಇಟಲಿಯವನೂ ನಮ್ಮೊಡನೆ ವ್ಯವಹಾರಕ್ಕೆ ಇಂಗ್ಲಿಷನ್ನೇ ಹಿಡಿಯುತ್ತಾನೆ.

ಇಲ್ಲಿಗೆ ಮುಖ್ಯ ಮಾತಿಗೆ ಬಂದೆವು. ಹತ್ತರವರೆಗೆ ಹಳ್ಳಿಯ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಮಗು ವಿಜ್ಞಾನಕ್ಕೆ ಸೇರಿದ ದಿನದಿಂದ ಇಂಗ್ಲಿಷು ಅದಕ್ಕೆ ಬರಿಯ ಒಂದು ಪಾಠವಲ್ಲ. ಭೌತಶಾಸ್ತ್ರವೂ ಇಂಗ್ಲಿಷು, ರಸಾಯನಶಾಸ್ತ್ರವೂ ಇಂಗ್ಲಿಷು, ಗಣಿತದ ಪ್ರಶ್ನೆಯೂ ಇಂಗ್ಲಿಷು. ನಿನ್ನೆಯವರೆಗೆ ‘ವೇಗೋತ್ಕರ್ಷ’ ಎಂದು ತಿಳಿದದ್ದನ್ನು ಈಗ ಬೇರೆ ಹೆಸರಿನಿಂದ ಮತ್ತೆ ಕಲಿಯಬೇಕು. ಮೊದಲ ಆರು ತಿಂಗಳು ಎಷ್ಟೋ ಜಾಣ ಮಕ್ಕಳು ಮಂಕಾಗಿ ಕೂರುವುದಕ್ಕೆ ಇದೇ ಕಾರಣ. ಬುದ್ಧಿಯಿಲ್ಲವೆಂದು ತಂದೆತಾಯಿಗಳು ಬೈದು ಅವರನ್ನು ಇನ್ನಷ್ಟು ಕುಗ್ಗಿಸುವುದೂ ಉಂಟು. ಅಂಥ ಹೊತ್ತಿನಲ್ಲಿ ಇನ್ನೊಂದು ಹೊಸ ಭಾಷೆಯ ಶಬ್ದ, ಕ್ರಿಯಾಪದಗಳನ್ನು ತಲೆಯ ಮೇಲೆ ಹೇರಿದರೆ ಇಂಗ್ಲಿಷಿಗೆ ಕೊಡಬೇಕಾದ ಹೊತ್ತು ಅದಕ್ಕೆ ಹೋಗುತ್ತದೆ. ಕನ್ನಡವಾದರೆ, ತರಗತಿಯಲ್ಲಿ ಮಗು ತಲೆಯೆತ್ತಿ ಉತ್ತರ ಹೇಳುವ ಒಂದು ಗಂಟೆಯಾದರೂ ದಿನದಲ್ಲಿ ಇರುತ್ತದೆ. ಇದನ್ನು ನಾವು ಭಾಷಾಭಿಮಾನದಿಂದ ಹೇಳುತ್ತಿಲ್ಲ, ಮಗುವಿನ ನಿದ್ದೆಯ ಲೆಕ್ಕ ಹಾಕಿ ಹೇಳುತ್ತಿದ್ದೇವೆ.

ಭಾಷೆ ಬೇರೆ, ಮಾಧ್ಯಮ ಬೇರೆ ಎಂಬುದನ್ನೂ ಗಮನದಲ್ಲಿಡಿ. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ. ಸೀಟುಗಳಲ್ಲೂ ರಾಜ್ಯ ಸರ್ಕಾರದ ನೇಮಕಗಳಲ್ಲೂ ಶೇಕಡ ೫ರ ಮೀಸಲಾತಿ ಇದೆ. ಪಿ.ಯು.ಸಿ.ಯಲ್ಲಿ ಯಾವ ಭಾಷೆ ತೆಗೆದುಕೊಂಡರೂ ಆ ಹಕ್ಕು ಹೋಗುವುದಿಲ್ಲ. ಹಾಗೆಯೇ, ಹತ್ತರವರೆಗೆ ಕನ್ನಡ ಓದಿದ ಹುಡುಗ ಮುಂದೆ ಎರಡು ವರ್ಷ ಬಿಟ್ಟ ಮಾತ್ರಕ್ಕೆ ಪಹಣಿ ಓದುವುದನ್ನು ಮರೆಯುವುದೂ ಇಲ್ಲ. ಹತ್ತಕ್ಕೆ ಮುಂಚೆಯೇ ಬಿಟ್ಟವನ ಮಾತೇ ಬೇರೆ. ೨೦೧೫ರ ಕನ್ನಡ ಭಾಷಾ ಕಲಿಕೆ ಅಧಿನಿಯಮವು ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡವನ್ನು ಕಲಿಸಬೇಕೆಂದು ಹೇಳುತ್ತದೆ. ಆದರೂ ನಿಮ್ಮ ಮಗುವಿನ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಕನ್ನಡ ಇರುತ್ತದೆಯೇ ಎಂದು ಶಾಲೆಯವರನ್ನು ಬಾಯಿಬಿಟ್ಟು ಕೇಳಿ. ಏಕೆಂದರೆ ಹಳ್ಳಿಯ ಶಾಖಾ ಅಂಚೆ ಕಛೇರಿಗಳ ಗ್ರಾಮೀಣ ಡಾಕ್ ಸೇವಕ ಕೆಲಸಕ್ಕೆ ಹತ್ತನೆಯ ತರಗತಿಯ ಅಂಕದ ಮೇಲೆಯೇ ಆಯ್ಕೆ. ಅಲ್ಲಿಯವರೆಗೆ ಸ್ಥಳೀಯ ಭಾಷೆಯನ್ನು ಓದಿರಬೇಕೆಂಬ ನಿಯಮವಿದೆ. ರಾಜ್ಯ ಸರ್ಕಾರದ ಅನೇಕ ಹುದ್ದೆಗಳಿಗೂ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ತೇರ್ಗಡೆಯಾಗಬೇಕು. ಸಾವಿರಾರು ರೂಪಾಯಿ ಶುಲ್ಕ ಕೊಟ್ಟು ಓದಿಸಿದ ಹುಡುಗನಿಗೆ ತನ್ನೂರಿನ ಅಂಚೆ ಚೀಲ ಹಿಡಿಯುವ ಅರ್ಹತೆ ಇಲ್ಲದಂತೆ ಆಗಬಾರದಲ್ಲವೆ?

ನಮ್ಮ ಸೀಮೆಯಲ್ಲಿ ಎಲ್ಲರ ಮನೆಮಾತೂ ಕನ್ನಡವಲ್ಲ. ತೋಟದ ಲೈನ್ ಮನೆಗಳಲ್ಲಿ ತುಳು, ಮಲಯಾಳ, ತಮಿಳು, ಉರ್ದು, ಬ್ಯಾರಿ, ಕೊಂಕಣಿ ಎಲ್ಲವೂ ಕೇಳಿಬರುತ್ತವೆ. ಇಂಥ ಮನೆಯ ಮಗು ಪಿ.ಯು.ಸಿ.ಯಲ್ಲಿ ತನ್ನ ಮನೆಯ ಭಾಷೆಯನ್ನೇ ಆರಿಸಿದರೆ ತಪ್ಪೇನೂ ಇಲ್ಲ. ಮದರಸದಲ್ಲಿ ಅರಬ್ಬಿ ಅಕ್ಷರ ಕಲಿತ ಮಗುವಿಗೆ ಅರಬ್ಬಿ ಪೂರ್ತಿ ಹೊಸದೂ ಅಲ್ಲ. ಹಿಂದಿಯಂತೂ ಈಗ ತೋಟದೊಳಕ್ಕೇ ಬಂದಿದೆ; ಅಸ್ಸಾಮಿನಿಂದ ಬಂದ ಆಳುಗಳ ಹತ್ತಿರ ಲೆಕ್ಕ ಮಾತಾಡುವಾಗ ಹೈಸ್ಕೂಲಿನಲ್ಲಿ ಓದಿದ ಹಿಂದಿ ಎಷ್ಟು ಕೆಲಸಕ್ಕೆ ಬಂತೆಂದು ಬೆಳೆಗಾರರೇ ಹೇಳುತ್ತಾರೆ.

ಹಾಗಾದರೆ ಎರಡು ಪರದೇಶದ ಭಾಷೆಗಳನ್ನು ಯಾರೂ ಓದಬಾರದೆ? ಓದಬಹುದು. ಇಂಗ್ಲಿಷು ಈಗಾಗಲೇ ಕೈವಶವಾಗಿರುವ, ಭಾಷೆಯ ಮೇಲೆ ತಾನಾಗಿ ಪ್ರೀತಿಯುಳ್ಳ ಹುಡುಗಿಗೆ ಫ್ರೆಂಚ್ ಬೇಡವೆನ್ನುವುದು ಅನ್ಯಾಯ. ಅದರಲ್ಲೂ ವಾಣಿಜ್ಯ, ಪ್ರವಾಸೋದ್ಯಮದ ಕಡೆಗೆ ಹೋಗುವವರಿಗೆ ಅದು ಮುಂದೆ ಒದಗೀತು. ಆದರೆ ಅವಳ ಆಸೆಯನ್ನು ಅವಳ ಬಾಯಿಂದಲೇ ಕೇಳಬೇಕು, ನೆಂಟರ ಬಾಯಿಂದಲ್ಲ.

ಅರ್ಜಿ ತುಂಬುವ ಮುಂಚಿನ ಸಂಜೆ ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಗೊಬ್ಬರದ ಚೀಲದ ಮೇಲಿರುವ ಇಂಗ್ಲಿಷನ್ನೋ, ಬ್ಯಾಂಕಿನಿಂದ ಬಂದ ಬೆಳೆಸಾಲದ ಕಾಗದವನ್ನೋ ಮಗುವಿನ ಕೈಗೆ ಕೊಟ್ಟು, ಅದರ ಸಾರವನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲು ತಿಳಿಸಿ. ಆಮೇಲೆ ಅದೇ ವಿಷಯವಾಗಿ ಬ್ಯಾಂಕಿಗೆ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಲಿ. ಎರಡೂ ಸಲೀಸಾಗಿ ಆದರೆ ಮೂರನೆಯ ಭಾಷೆಗೆ ಜಾಗವಿದೆ ಎಂದು ತಿಳಿಯಿರಿ. ತಡವರಿಸಿದರೆ ಆ ಎರಡು ವರ್ಷ ಇಂಗ್ಲಿಷಿಗೇ ಇರಲಿ. ಕಾಲೇಜಿಗೆ ಹೋದಾಗ ಆ ಭಾಷೆಗೆ ಕಾಯಂ ಅಧ್ಯಾಪಕರು ಇದ್ದಾರೆಯೇ, ವಾರಕ್ಕೆ ಎಷ್ಟು ಪಾಠ, ಕಳೆದ ಸಾಲಿನಲ್ಲಿ ಎಷ್ಟು ಮಕ್ಕಳು ಓದಿದರು, ನಡುವೆ ಭಾಷೆ ಬದಲಾಯಿಸಲು ಎಂದಿನವರೆಗೆ ಅವಕಾಶ ಎಂದು ವಿಚಾರಿಸಿ. ಸಾಧ್ಯವಾದರೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯನ್ನೂ ಕೇಳಿ ಪಡೆಯಿರಿ. ಇದೆಲ್ಲವನ್ನೂ ಮೇ ತಿಂಗಳೊಳಗೆ ಮುಗಿಸುವುದು ಮೇಲು. ಜೂನ್ ಕಳೆದು ಮಳೆ ಹಿಡಿದುಕೊಂಡ ಮೇಲೆ, ಒಂದು ಅಂಕಣ ತಿದ್ದಿಸುವುದಕ್ಕಾಗಿ ಹೆತ್ತೂರಿನಿಂದ ಹಾಸನಕ್ಕೆ ಎರಡು ಬಸ್ಸು ಬದಲಾಯಿಸಿ ಹೋಗಿಬರುವ ಕಷ್ಟ ನಿಮಗೇ ಗೊತ್ತು.