ಗಾಲಿಯೊಳಗಣ ಗಾಳಿಯೂ ನೀರೂ

ಅಫಜಲಪುರ ತಾಲೂಕಿನ ಘತ್ತರಗಿಯು ಭೀಮಾತೀರದ ಗ್ರಾಮ. ಯಾತ್ರಿಕರಿಗೆ ಅದು ಭಾಗ್ಯವಂತಿ ದೇವಿಯ ಕ್ಷೇತ್ರ. ರೈತರಿಗೆ ಜೋಳ ತೊಗರಿಗಳ ಎರೆಸೀಮೆ. ಬೇಸಗೆಯಲ್ಲಿ ಬಿರಿದು ಮಳೆಯಲ್ಲಿ ಜಿಗುಟಾಗುವ ಈ ನೆಲದ ಮೇಲೆ ಉರುಳುವ ಗಾಲಿಯ ಒಳಗೆ ಏನಿರಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹಳೆಯ ಬಂಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿಯಿತ್ತು. ಅದಕ್ಕೆ ಜಾಲಿಮುಳ್ಳಿನ ಭಯವಿರಲಿಲ್ಲ. ಆದರೆ ಪಟ್ಟಿ ಕಿರಿದಾದುದರಿಂದ ಹಸಿನೆಲದಲ್ಲಿ ಹೂತುಹೋಗುತ್ತಿತ್ತು. ಗಾಳಿ ತುಂಬಿದ ಗಾಲಿಗೆ ರಾಬರ್ಟ್ ಥಾಮ್ಸನ್ 1845ರಲ್ಲಿ ಹಕ್ಕುಪತ್ರ ಪಡೆದನು. 1888ರಲ್ಲಿ ಡನ್‌ಲಪ್ ಅದನ್ನು ಮತ್ತೆ ರೂಪಿಸಿದ ಬಳಿಕ ಅದು ಬಳಕೆಗೆ ಬಂದಿತು. 1930ರ ದಶಕದಲ್ಲಿ ಟ್ರ್ಯಾಕ್ಟರಿನ ಉಕ್ಕಿನ ಚಕ್ರವೂ ರಬ್ಬರಿಗೆ ಎಡೆಗೊಟ್ಟಿತು. ಭಾರವನ್ನು ಅಗಲವಾಗಿ ಹಂಚುವುದು, ಪೆಟ್ಟನ್ನು ತಾಳಿಕೊಳ್ಳುವುದು ಗಾಳಿಯ ಗುಣ. ಮುಳ್ಳಿಗೆ ತುತ್ತಾಗುವುದು ಅದರ ದೋಷ.

ಟ್ರ್ಯಾಕ್ಟರು ಹಗುರವಾದರೆ ಉಳುವಾಗ ಹಿಂಗಾಲಿಗಳು ನಿಂತಲ್ಲೇ ಜಾರಿ ತಿರುಗುತ್ತವೆ. ಆದಕಾರಣ ಅವುಗಳಿಗೆ ನೀರು ತುಂಬುವ ರೂಢಿ ಬಂದಿತು. ಗಾಲಿಯನ್ನು ಎತ್ತಿ, ಕವಾಟವನ್ನು ಮೇಲಕ್ಕೆ ನಿಲ್ಲಿಸಿ, ಸುಮಾರು ಮುಕ್ಕಾಲು ಭಾಗ ನೀರು ತುಂಬಿ, ಉಳಿದೆಡೆಗೆ ಗಾಳಿ ಹೊಡೆಯುತ್ತಾರೆ. 200 ಲೀಟರು ನೀರೆಂದರೆ 200 ಕಿಲೋಗ್ರಾಂ ಭಾರ. ಹಿಮ ಬೀಳುವ ದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವುದುಂಟು. ನಮ್ಮಲ್ಲಿ ಅದು ಬೇಕಿಲ್ಲ. ನೀರು ಮುಳ್ಳನ್ನು ತಡೆಯದು. ಪಾಲಿಯುರಿಥೇನ್ ತುಂಬಿದರೆ ತೂತಿನ ಭಯ ತಪ್ಪುತ್ತದೆ. ಆದರೆ ಭಾರ ಬೆಳೆದು ಗಾಲಿಯ ಮೆತುತನ ಕುಗ್ಗುತ್ತದೆ.

ಭಾರದ ಈ ಪ್ರಶ್ನೆಗೆ ಗ್ಲೈಡರ್ ಒಳ್ಳೆಯ ನಿದರ್ಶನ. ಬೆಂಗಳೂರಿನ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ವಿನ್ಯಾಸದ ಗ್ಲೈಡರ್ 1941ರಲ್ಲಿಯೇ ಸಿದ್ಧವಾಗಿತ್ತು. ಇಂಜಿನಿಲ್ಲದ ಈ ಬಗೆಯ ವಿಮಾನವೂ ಭಾರ ಹೆಚ್ಚಿದಷ್ಟು ವೇಗವಾಗಿ ತೇಲಬಲ್ಲದು. ಆದುದರಿಂದ ಸ್ಪರ್ಧೆಯ ಗ್ಲೈಡರುಗಳು ರೆಕ್ಕೆಗಳಲ್ಲಿ ನೀರನ್ನು ಒಯ್ದು, ಇಳಿಯುವ ಮುನ್ನ ಚೆಲ್ಲಿಬಿಡುತ್ತವೆ. ಗಾಲಿಯಲ್ಲಿ ತುಂಬಿದ ಭಾರವನ್ನು ಹಾಗೆ ಚೆಲ್ಲಲಾಗದು. ಅಲ್ಲದೆ ನೆಲ ಮುಟ್ಟುವಾಗಿನ ಪೆಟ್ಟನ್ನು ಹೀರಬೇಕಾದ ಗಾಲಿಯೇ ಗಡುಸಾಗುತ್ತದೆ. ಬೇಕಾದಾಗ ಹೊತ್ತು ಬೇಡವಾದಾಗ ಇಳಿಸಬಲ್ಲ ಭಾರವೇ ಉಪಕಾರಿ.

ಎರೆಭೂಮಿಗೂ ಇದೇ ನ್ಯಾಯ ಸಲ್ಲುತ್ತದೆ. ಹಿಂಗಾರಿ ಜೋಳ ಬದುಕುವುದು ಮಣ್ಣು ಹಿಡಿದಿಟ್ಟ ತೇವದಿಂದ. ಹಸಿಮಣ್ಣಿನ ಮೇಲೆ ಅತಿಭಾರದ ಗಾಲಿ ಹರಿದರೆ ಕೆಳಪದರ ಗಟ್ಟಿಯಾಗಿ, ನೀರೂ ಬೇರೂ ಒಳಗಿಳಿಯಲು ತಡೆಯುಂಟಾಗುತ್ತದೆ. ಉಳುಮೆಗೆ ಹಿಡಿತ ಕೊಟ್ಟ ನೀರೇ ಬೆಳೆಯ ನೀರನ್ನು ಕಸಿಯಬಹುದು. ಆದಕಾರಣ ಕೆಲಸ ಮುಗಿದೊಡನೆ ಆ ನೀರನ್ನು ಹೊರಬಿಡುವುದು ವಿವೇಕವೆಂದು ನಾವು ಭಾವಿಸುತ್ತೇವೆ.