ಕನ್ನಡದ ವೆಬ್ ವಿಳಾಸವೂ ಕ್ಯಾಶ್ ಸರ್ವರ್‌ನ ಕೆಲಸವೂ



ಫಲಿತಾಂಶದ ದಿನ ಲ್ಯಾಬಿನಲ್ಲಿ ನಾವೆಲ್ಲ ಒಂದೇ ತಾಣವನ್ನು ತೆರೆಯುತ್ತೇವೆ. ಅದರ ಹೆಸರಿಗೆ ತಕ್ಕ ಸಂಖ್ಯಾ ವಿಳಾಸವನ್ನು ಒಮ್ಮೆ ಕೇಳಿ ತಿಳಿದು, ಕೆಲಕಾಲ ನೆನಪಿಟ್ಟುಕೊಂಡು ಎಲ್ಲರಿಗೂ ಹೇಳುವುದೇ ಡಿಎನ್‌ಎಸ್ ಕ್ಯಾಶ್ ಸರ್ವರ್. ತಾಣದ ಹೆಸರು ಕನ್ನಡ, ಉರ್ದು ಅಥವಾ ಅರಬಿಯಲ್ಲಿದ್ದರೆ ಅದು ಏನು ಮಾಡಬೇಕು? ನಾನು ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

ತಾಣದ ಹೆಸರುಗಳಲ್ಲಿ ಮೊದಲು ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆ ಮಾತ್ರ ಬಳಕೆಯಲ್ಲಿದ್ದವು. ಇತರ ಲಿಪಿಗಳನ್ನು ಇವುಗಳಲ್ಲೇ ಬರೆಯುವ 'ಪ್ಯೂನಿಕೋಡ್' ಎಂಬ ಉಪಾಯ 2003ರಲ್ಲಿ ಬಂತು. 2010ರಲ್ಲಿ ಈಜಿಪ್ಟ್, ಸೌದಿ ಅರೇಬಿಯಾ ಮತ್ತು ಯುಎಇ ದೇಶಗಳ ಅರಬಿ ಲಿಪಿಯ ಹೆಸರುಗಳು ಜಾರಿಗೆ ಬಂದವು. ಕನ್ನಡದ 'ಭಾರತ' ಕೂಡ ಈಗ ವಿಳಾಸದ ಕೊನೆಯಲ್ಲಿ ಬರಬಹುದು. ಅದರ ಪ್ಯೂನಿಕೋಡ್ ರೂಪ 'ಎಕ್ಸ್‌ಎನ್--2ಎಸ್‌ಸಿಆರ್‌ಜೆ9ಸಿ'. ಈ ಪರಿವರ್ತನೆ ಬ್ರೌಸರ್‌ನ ಕೆಲಸ, ಸರ್ವರ್‌ನದಲ್ಲ.

ಕ್ಯಾಶ್ ಸರ್ವರ್‌ಗೆ ಹೆಸರೆಂದರೆ ಬೈಟ್‌ಗಳ ಸಾಲು, ಅಷ್ಟೆ. ಇಂಗ್ಲಿಷಿನ ದೊಡ್ಡಕ್ಷರ, ಸಣ್ಣಕ್ಷರಗಳನ್ನು ಒಂದೇ ಎಂದು ಎಣಿಸುವುದನ್ನು ಬಿಟ್ಟರೆ, ಅದು ಬಂದದ್ದನ್ನು ಬಂದಂತೆಯೇ ಹೋಲಿಸಬೇಕು. ಯಾವುದೋ ತಂತ್ರಾಂಶ 'ಭಾರತ'ವನ್ನು ಪ್ಯೂನಿಕೋಡ್ ಮಾಡದೆ ಯುಟಿಎಫ್-8ರ 12 ಬೈಟ್‌ಗಳಾಗಿ ಕಳುಹಿಸಿತು ಎನ್ನೋಣ. ಸರ್ವರ್ ಅದನ್ನು ತಿದ್ದದೆ ಮುಂದೆ ಕೇಳಬೇಕು. 'ಆ ಹೆಸರಿಲ್ಲ' ಎಂಬ ಉತ್ತರ ಬಂದರೆ ಆ 12 ಬೈಟ್‌ಗಳಿಗೆ ಮಾತ್ರ ನೆನಪಿಡಬೇಕು. ಪ್ಯೂನಿಕೋಡ್ ಹೆಸರಿಗೆ ಅದನ್ನು ಅಂಟಿಸಬಾರದು.

ತಾನೇ ತಿದ್ದಿದರೆ ತಪ್ಪೇನು? 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಮತ್ತು 'ಕು' ಕೂಡಿ ಒತ್ತಕ್ಷರವಾಗದಂತೆ ನಡುವೆ ಕಾಣದ ಸಂಕೇತವೊಂದನ್ನು ಇಡುತ್ತೇವೆ. 2003ರ ನಿಯಮ ಅದನ್ನು ಕಿತ್ತುಹಾಕುತ್ತದೆ. 2010ರಲ್ಲಿ ಪ್ರಕಟವಾದ ನಿಯಮ ಉಳಿಸಿಕೊಳ್ಳುತ್ತದೆ. ಹೀಗೆ ಒಂದೇ ಬರಹಕ್ಕೆ ಎರಡು ಪ್ಯೂನಿಕೋಡ್‌ಗಳಾಗುತ್ತವೆ. ನೋಂದಣಿ ಮಾಡುವವರು ತಡೆಯದಿದ್ದರೆ ಅವು ಇಬ್ಬರು ಬೇರೆ ಬೇರೆ ಮಾಲೀಕರ ಪಾಲಾಗಬಹುದು. ಸರ್ವರ್ ಎರಡನ್ನೂ ಒಂದೆಂದು ಊಹಿಸಿದರೆ ನಮ್ಮ ಪಾಸ್‌ವರ್ಡ್ ಗೊತ್ತಿಲ್ಲದವರ ಕೈ ಸೇರೀತು. ಅದೂ ಒಬ್ಬರದ್ದಲ್ಲ, ಆ ಸರ್ವರ್ ಬಳಸುವ ಎಲ್ಲರದ್ದೂ. ಉತ್ತರ ನಿಜವೆಂದು ಸಾರುವ ಡಿಎನ್‌ಎಸ್‌ಸೆಕ್ ಸಹಿಯೂ ಹೆಸರನ್ನು ಒಳಗೊಂಡಿರುವುದರಿಂದ, ತಿದ್ದಿದ ಹೆಸರಿಗೆ ಅದು ಹೊಂದುವುದಿಲ್ಲ.

ನಮ್ಮಲ್ಲಿ ಹಲವರು ಮುಂದೆ ಪ್ರೋಗ್ರಾಂ ಬರೆಯುವವರು. 'ಕೊ' ಅಕ್ಷರದ ಸ್ವರಚಿಹ್ನೆಯನ್ನು ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದು. ಅದನ್ನು ಒಂದೇ ರೂಪಕ್ಕೆ ತಂದು, ಪ್ಯೂನಿಕೋಡ್ ಮಾಡಿದ ಮೇಲೆಯೇ ಸರ್ವರ್‌ನ್ನು ಕೇಳಬೇಕು. ಭಾಷೆ ತಿಳಿದ ತಂತ್ರಾಂಶ ಹೆಸರನ್ನು ಸಿದ್ಧಪಡಿಸಲಿ; ಕ್ಯಾಶ್ ಸರ್ವರ್ ಕೇಳಿದ್ದಕ್ಕೆ ಮಾತ್ರ ಉತ್ತರಿಸಲಿ.